ತೋಟದ ಹಳೇ ಟ್ರ್ಯಾಕ್ಟರ್‌ಗೆ ಯಾವ ಬಣ್ಣ? ಬ್ರಷ್ಷೋ, ಸ್ಪ್ರೇ ಗನ್ನೋ, ಪೌಡರ್ ಕೋಟಿಂಗೋ

ಮಳೆ ಕಡಿಮೆಯಾಗಿ ದೀಪಾವಳಿ ಹತ್ತಿರ ಬಂತು ಅಂದರೆ ನನಗೆ ಒಂದೇ ಥರದ ಫೋನ್‌ಗಳು ಬರಲು ಶುರುವಾಗುತ್ತವೆ. "ಅಣ್ಣಾ, ಗಾಡಿ ಇಂಜಿನ್ ಚೆನ್ನಾಗಿದೆ. ಮೈಯೆಲ್ಲಾ ತುಕ್ಕು. ಮನೆಯಲ್ಲೇ ಬಣ್ಣ ಹೊಡೀಬಹುದಾ? ಎನಾಮಲ್ ಸಾಕಾ, ಪಿಯು ಹಾಕಬೇಕಾ? ಪೌಡರ್ ಕೋಟಿಂಗ್ ಮಾಡಿಸಿಬಿಡಲಾ?" ಪಿಯು ಅಂದರೆ ಹಾರ್ಡನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣ, ಪೌಡರ್ ಕೋಟಿಂಗ್ ಅಂದರೆ ಪುಡಿ ಬಣ್ಣವನ್ನು ಓವನ್‌ನಲ್ಲಿ ಕರಗಿಸಿ ಕೂರಿಸುವುದು. ಗಾಡಿ ಅಂದರೆ ಅಡಿಕೆ, ತೆಂಗಿನ ಸಾಲುಗಳ ನಡುವೆ ಓಡಾಡುವ ಸಣ್ಣ ಟ್ರ್ಯಾಕ್ಟರ್. 18.5 ಎಚ್‌ಪಿಯ ಮಿತ್ಸುಬಿಷಿ ಶಕ್ತಿ, 15 ಎಚ್‌ಪಿಯ ಮಹೀಂದ್ರ ಯುವರಾಜ್, ಇಂಥವು.

ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ನಮ್ಮ ಗಾಡಿಯೂ ಸೇರಿ ಇದುವರೆಗೆ ನಾಲ್ಕು ಗಾಡಿಗಳಿಗೆ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲೇ ಬಣ್ಣ ಮಾಡಿದ್ದೇನೆ. ಎರಡು ಸಲ ಕೆಟ್ಟು, ಕೆರೆದು ತೆಗೆದು, ಮೊದಲಿನಿಂದ ಮಾಡಿದ್ದೂ ಇದೆ. ಫೋನಿನಲ್ಲಿ ಹತ್ತು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಹಾಗಾಗಿ ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಗಾಡಿಗಳ ಬಣ್ಣ ಹೋಗುವುದು ಯಾಕೆ

ಇದು ಗೊತ್ತಾದರೆ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಂತೆ. ಕೊಳೆರೋಗ ಬಾರದಿರಲಿ ಅಂತ ಅಡಿಕೆಗೆ ಬೋರ್ಡೋ ಹೊಡೆಯುತ್ತೇವಲ್ಲ, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಹದ ಸರಿಯಾಗಿದೆಯಾ ನೋಡಲು ಕತ್ತಿಯ ಅಲಗನ್ನು ಅದ್ದಿ ತೆಗೆಯುತ್ತೇವೆ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಅಂತ ಲೆಕ್ಕ. ಆ ಕೆಂಪು ಬೇರೇನೂ ಅಲ್ಲ, ತಾಮ್ರ. ತಾಮ್ರ ಬಂದು ಕೂತ ಜಾಗದಿಂದ ಕಬ್ಬಿಣ ಕರಗಿ ಹೋಗಿರುತ್ತದೆ. ಕತ್ತಿಗೆ ಆಗುವುದೇ ಮಡ್‌ಗಾರ್ಡ್‌ಗೂ ಆಗುತ್ತದೆ. ಮೈಲುತುತ್ತ ಕರಗಿಸುವಾಗ, ಡ್ರಮ್ ತುಂಬುವಾಗ ಸಿಡಿದ ನೀರು ಬಣ್ಣ ಎದ್ದ ಜಾಗದಲ್ಲಿ ಕೂತು ಒಳಗೊಳಗೇ ತಿನ್ನುತ್ತದೆ. ಇದರ ಜೊತೆಗೆ ಪೊಟ್ಯಾಶ್ ಗೊಬ್ಬರದ ಪುಡಿ. ಅದರಲ್ಲಿರುವ ಕ್ಲೋರೈಡ್ ಉಪ್ಪಿನಷ್ಟೇ ತುಕ್ಕು ತರಿಸುತ್ತದೆ. ನಾಲ್ಕು ತಿಂಗಳು ಬಿಡದ ಮಳೆ ಬೇರೆ.

ಅಂದರೆ ನಮ್ಮ ಗಾಡಿಯ ಬಣ್ಣ ಹೋಗುವುದು ಬಿಸಿಲಿಗಿಂತ ಜಾಸ್ತಿ ಗೀರು ಮತ್ತು ನೀರಿನಿಂದ. ಕೊಂಬೆ ತಾಗುತ್ತದೆ, ಮರದ ಹೆಡೆ (ಗರಿ) ಬೀಳುತ್ತದೆ, ಒಂದು ಗೀರು ಆಗುತ್ತದೆ. ಅಲ್ಲಿಂದ ತುಕ್ಕು ಬಣ್ಣದ ಅಡಿಗೆ ಹರಿಯುತ್ತದೆ. ಬಣ್ಣ ಆರಿಸುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದೇ: ಗೀರು ಬಿದ್ದ ದಿನ ಸಂಜೆಯೇ ಅದನ್ನು ನಾನೇ ಸರಿ ಮಾಡಬಲ್ಲೆನಾ? ಹೊಳಪು ಎಷ್ಟು ಅನ್ನುವುದು ಆಮೇಲಿನ ಮಾತು.

ಇನ್ನುಳಿದ ಪ್ರಶ್ನೆಗಳು ಇವು. ಗಾಡಿ ದುಡಿಯುತ್ತದೋ, ಅಥವಾ ಅಜ್ಜನ ನೆನಪಿಗೆ ಅಂತ ನೆರಳಲ್ಲಿ ನಿಲ್ಲುತ್ತದೋ? ಬಿಡಿಭಾಗ ಬಿಚ್ಚಿಡಲು ಜಾಗ ಮತ್ತು ಎರಡು ವಾರ ಬಿಡುವು ಇದೆಯಾ? ಕಂಪ್ರೆಸರ್ ಸಿಗುತ್ತದಾ? ಮನೆಯಲ್ಲಿ ಮಕ್ಕಳು, ಉಬ್ಬಸ ಇರುವವರು ಇದ್ದಾರಾ? ಡೀಸೆಲ್ ತಾಗಿದರೆ ಬಣ್ಣ ತಡೆಯುತ್ತದಾ? ದುಡ್ಡಿನ ಪ್ರಶ್ನೆ ಕೊನೆಗೆ ಬರಲಿ. ದುಡ್ಡು ನೋಡಿ ಶುರು ಮಾಡಿದವರು ಪ್ರೈಮರಿನಲ್ಲಿ, ಅಂದರೆ ಬಣ್ಣದ ಅಡಿಗೆ ಹಚ್ಚುವ ಮೊದಲ ಪದರದಲ್ಲಿ, ಉಳಿಸಲು ಹೋಗುತ್ತಾರೆ. ಅಲ್ಲೇ ಕೆಲಸ ಕೆಡುವುದು.

ತುಕ್ಕು ತೆಗೆಯುವ ದಾರಿಗಳು

ಬಣ್ಣಕ್ಕಿಂತ ಮೊದಲು ಆಯಿಲ್ ಸೋರಿಕೆ ನಿಲ್ಲಿಸಿ. ಸೀಲ್, ಪ್ಯಾಕಿಂಗ್ ಏನಿದ್ದರೂ ಈಗಲೇ ಹಾಕಿಸಿ. ಎಣ್ಣೆ ಜಿನುಗುವ ಜಾಗದಲ್ಲಿ ಎಷ್ಟು ಒಳ್ಳೆಯ ಬಣ್ಣವೂ ನಿಲ್ಲುವುದಿಲ್ಲ. ಗ್ರೀಸ್ ತೆಗೆಯಲು ಡೀಸೆಲ್‌ನಲ್ಲಿ ತೊಳೆಯುವುದು ನಮ್ಮಲ್ಲಿ ರೂಢಿ. ತೊಳೆಯಿರಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಡೀಸೆಲ್ ಒಂದು ತೆಳು ಜಿಡ್ಡನ್ನು ಬಿಟ್ಟು ಹೋಗುತ್ತದೆ. ಆಮೇಲೆ ಸೋಪಿನ ಪುಡಿ ಹಾಕಿದ ಬಿಸಿನೀರು, ಒಣಗಿದ ಮೇಲೆ ಥಿನ್ನರ್ ಬಟ್ಟೆ. ಬಿಳಿ ಬಟ್ಟೆ ಬಿಳಿಯಾಗಿಯೇ ವಾಪಸ್ ಬರುವವರೆಗೆ ಒರೆಸಿ.

ತಗಡಿನ ಮೇಲಿನ ತುಕ್ಕಿಗೆ ಗ್ರೈಂಡರ್‌ಗೆ ತಂತಿಯ ಕಪ್ ಬ್ರಷ್ ಹಾಕಿ ಉಜ್ಜುವುದು ಅಗ್ಗದ ದಾರಿ, ಬೇಗವೂ ಆಗುತ್ತದೆ. ತಂತಿಯ ಎಳೆ ಕಿತ್ತು ಸೂಜಿಯಂತೆ ಹಾರುತ್ತದೆ. ಕಣ್ಣಿಗೆ ಕನ್ನಡಕ ಇಲ್ಲದೆ ಗ್ರೈಂಡರ್ ಮುಟ್ಟಬೇಡಿ. ಆದರೆ ಇದು ಗುಂಡಿಯೊಳಗಿನ ತುಕ್ಕನ್ನು ತೆಗೆಯುವುದಿಲ್ಲ, ಮೇಲೆ ಪಾಲಿಶ್ ಮಾಡಿ ಮುಚ್ಚಿಬಿಡುತ್ತದೆ. ಅಂಥ ಜಾಗಕ್ಕೆ ಫಾಸ್ಫಾರಿಕ್ ಆಸಿಡ್ ಇರುವ ತುಕ್ಕು ನಿವಾರಕ ಹಚ್ಚಿ. ತುಕ್ಕು ಕಪ್ಪಾಗಿ ಬದಲಾಗುತ್ತದೆ, ಅದರ ಮೇಲೆ ಪ್ರೈಮರ್ ಹಿಡಿಯುತ್ತದೆ. ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ಬೇಡ. ಅದು ತುಕ್ಕನ್ನು ಕ್ಷಣದಲ್ಲಿ ತಿನ್ನುತ್ತದೆ, ನಿಜ. ಆದರೆ ಒಂದು ಗಂಟೆಯಲ್ಲಿ ಹೊಸ ತುಕ್ಕು ಬರುತ್ತದೆ. ಮಡಿಕೆಗಳ ಸಂದಿಯಲ್ಲಿ ಉಳಿದ ಆಸಿಡ್ ವರ್ಷಗಟ್ಟಲೆ ಕೆಲಸ ಮಾಡುತ್ತಲೇ ಇರುತ್ತದೆ.

ಸಣ್ಣ ಭಾಗಗಳಿಗೆ ನನ್ನ ಇಷ್ಟದ ದಾರಿ ಕರೆಂಟಿನದ್ದು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 10 ಲೀಟರ್ ನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ. ತುಕ್ಕು ಹಿಡಿದ ಭಾಗಕ್ಕೆ 12 ವೋಲ್ಟ್ ಬ್ಯಾಟರಿ ಚಾರ್ಜರಿನ ಮೈನಸ್, ಪಕ್ಕದಲ್ಲಿ ಇಳಿಬಿಟ್ಟ ಹಳೆಯ ಕಬ್ಬಿಣದ ಪಟ್ಟಿಗೆ ಪ್ಲಸ್. ಎರಡೂ ಒಂದನ್ನೊಂದು ಮುಟ್ಟಬಾರದು. ಸ್ವಲ್ಪ ಹೊತ್ತಿಗೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ನೀರಿನ ಮೇಲೆ ಕಂದು ನೊರೆ ಕಟ್ಟುತ್ತದೆ. ರಾತ್ರಿ ಬಿಟ್ಟು ಬೆಳಗ್ಗೆ ತೆಗೆದರೆ ತುಕ್ಕು ಕಪ್ಪು ಕೆಸರಾಗಿರುತ್ತದೆ, ಬ್ರಷ್ಷಿಗೆ ಬಂದುಬಿಡುತ್ತದೆ. ಒಳ್ಳೆಯ ಕಬ್ಬಿಣ ಒಂದು ಚೂರೂ ಸವೆಯುವುದಿಲ್ಲ. ಎರಡು ಎಚ್ಚರಿಕೆ: ಏಳುವ ಗುಳ್ಳೆ ಹೈಡ್ರೋಜನ್, ಹಾಗಾಗಿ ಬಯಲಿನಲ್ಲೇ ಇಡಿ, ಹತ್ತಿರ ಬೀಡಿ ಬೆಂಕಿ ಬೇಡ. ಪ್ಲಸ್ ಕಡೆಗೆ ಸ್ಟೀಲ್ ಪಾತ್ರೆ, ಸ್ಟೀಲ್ ಚಮಚ ಹಾಕಬೇಡಿ, ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ.

ಸ್ಯಾಂಡ್ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಮರಳಿನಂಥ ಕಣ ಹೊಡೆದು ತುಕ್ಕು ತೆಗೆಯುವುದು) ಮಾಡಿಸುವುದಾದರೆ ರಿಮ್, ಆಕ್ಸಲ್ ಬ್ರಾಕೆಟ್‌ನಂಥ ದಪ್ಪ ಭಾಗಕ್ಕೆ ಮಾತ್ರ. ತೆಳು ಬಾನೆಟ್ ಅದರ ಹೊಡೆತಕ್ಕೆ ಅಲೆಅಲೆಯಾಗಿ ಸೊಟ್ಟಗಾಗುತ್ತದೆ. ಮನೆಯಲ್ಲಿ ಮರಳು ತುಂಬಿ ಪ್ರಯತ್ನಿಸಲೇಬೇಡಿ. ಆ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್, ಅದಕ್ಕೆ ವಾಸಿ ಇಲ್ಲ.

ಹಳೆಯ ಬಣ್ಣದ ಬಗ್ಗೆ ಇನ್ನೊಂದು ಮಾತು. ಹಳೆಯ ಗಾಡಿಗಳ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ. ಆದ್ದರಿಂದ ಒಣ ಉಜ್ಜುವಿಕೆ ಬೇಡ, ವಾಟರ್ ಪೇಪರ್ ಅನ್ನುವ ಉಜ್ಜುಕಾಗದದಲ್ಲಿ ನೀರು ಹಾಕಿಕೊಂಡು ಉಜ್ಜಿ. ಗ್ರೈಂಡರ್ ಹಿಡಿಯಲೇಬೇಕಾದ ಕಡೆ ಮುಖಕ್ಕೆ ಧೂಳಿನ ಮಾಸ್ಕ್ ಇರಲಿ, ಮಕ್ಕಳು ಹತ್ತಿರ ಬರದಿರಲಿ, ಅಡಿಗೆ ಹಾಸಿದ ಪ್ಲಾಸ್ಟಿಕ್‌ನಲ್ಲಿ ಬಿದ್ದ ಪುಡಿಯನ್ನು ಗುಡಿಸಿ ಕಟ್ಟಿಡಿ.

ಹಳೆಯ ಬಣ್ಣ ಯಾವುದು ಎಂದು ತಿಳಿಯುವುದು

ನನ್ನ ಮೊದಲ ಗಾಡಿ ಕೆಟ್ಟಿದ್ದು ಇದು ಗೊತ್ತಿಲ್ಲದೆ. ಹಳೆಯ ಎನಾಮಲ್ ಗಟ್ಟಿಯಾಗಿಯೇ ಇದೆ ಅಂತ ಸುಮ್ನೆ ಮೇಲೆ ಮೇಲೆ ಉಜ್ಜಿ, ಬೇಗ ಒಣಗುತ್ತದೆ ಅಂತ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಹೊಡೆದೆ. ಎರಡನೇ ಕೋಟ್ ಬೀಳುತ್ತಿದ್ದಂತೆ ಬಾನೆಟ್ಟಿನ ಮಧ್ಯದಿಂದ ಶುರುವಾಯಿತು. ಕಾಸಿದ ಹಾಲಿನ ಕೆನೆಯನ್ನು ಬೆರಳಲ್ಲಿ ತಳ್ಳಿದರೆ ಹೇಗೆ ಸುಕ್ಕಾಗುತ್ತದೆ, ಹಾಗೆ ಇಡೀ ಬಣ್ಣ ಮಡಚಿಕೊಂಡು ಎದ್ದಿತು. ಎನ್‌ಸಿ ಥಿನ್ನರ್ ಹಳೆಯ ಎನಾಮಲ್ಲಿನೊಳಗೆ ಇಳಿದು ಅದನ್ನು ಉಬ್ಬಿಸಿತ್ತು. ಮೂರು ದಿನದ ಕೆಲಸ ಒಂದು ಗಂಟೆಯಲ್ಲಿ ಹೋಯಿತು.

ಪರೀಕ್ಷೆ ಸುಲಭ. ಬಟ್ಟೆಗೆ ಎನ್‌ಸಿ ಥಿನ್ನರ್ ಹಾಕಿ ಮೂಲೆಯಲ್ಲಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಅದು ಎನ್‌ಸಿ. ಉಬ್ಬಿ ಸುಕ್ಕಾದರೆ ಎನಾಮಲ್. ಏನೂ ಆಗದಿದ್ದರೆ ಪಿಯು ಅಥವಾ ಕಂಪನಿಯಲ್ಲಿ ಕಾಯಿಸಿ ಹಾಕಿದ ಬಣ್ಣ. ಸುಕ್ಕಾದರೆ ಎರಡೇ ದಾರಿ: ಪೂರ್ತಿ ಕೆರೆದು ತಗಡಿಗೆ ಬನ್ನಿ, ಇಲ್ಲವೇ ಮೇಲೂ ಎನಾಮಲ್ಲನ್ನೇ ಹಾಕಿ.

ಪ್ರೈಮರ್: ಇಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ

ರೆಡ್ ಆಕ್ಸೈಡ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅಗ್ಗ, ಬ್ರಷ್ಷಿನಲ್ಲಿ ಹಚ್ಚಬಹುದು. ಗೇಟು, ಕಿಟಕಿ ಸರಳಿಗೆ ಅದು ಸಾಕು. ಆದರೆ ಅದು ನೀರನ್ನು ಪೂರ್ತಿ ತಡೆಯುವುದಿಲ್ಲ. ರೆಡ್ ಆಕ್ಸೈಡ್ ಹಚ್ಚಿ ಒಂದು ಮಳೆಗಾಲ ಹಾಗೇ ಬಿಟ್ಟ ಗಾಡಿಗಳನ್ನು ನೋಡಿದ್ದೇನೆ, ಒಳಗಿನಿಂದ ತುಕ್ಕು ಎದ್ದಿರುತ್ತದೆ. ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ದುಬಾರಿ, ಬೆರೆಸಿದ ಮೇಲೆ ಕೆಲವು ಗಂಟೆಯಲ್ಲಿ ಮುಗಿಸಬೇಕು. ಆದರೆ ಬರೀ ತಗಡಿಗೆ ಅದು ಕಚ್ಚಿಕೊಳ್ಳುವ ಹಾಗೆ ಬೇರೆ ಯಾವುದೂ ಕಚ್ಚುವುದಿಲ್ಲ. ನೀರನ್ನೂ ತಡೆಯುತ್ತದೆ. ಬೋರ್ಡೋ, ಪೊಟ್ಯಾಶ್ ಮುಟ್ಟುವ ಗಾಡಿಗೆ ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ. ಬಜೆಟ್ ಕಡಿಮೆ ಇದ್ದರೆ ಮೇಲಿನ ಬಣ್ಣದಲ್ಲಿ ಉಳಿಸಿ. ಕೈಗವಸು ಹಾಕಿಕೊಂಡೇ ಬೆರೆಸಿ, ಗನ್ನಿನಲ್ಲಿ ಹೊಡೆಯುವುದಾದರೆ ಬಣ್ಣದ ಆವಿ ಸೋಸುವ ಕಾರ್ಟ್ರಿಜ್ ಮಾಸ್ಕ್ ಬೇಕು. ಮೇಲಿನ ಕೋಟ್ ಎಷ್ಟು ಹೊತ್ತಿನೊಳಗೆ ಹಾಕಬೇಕು ಅನ್ನುವುದು ಡಬ್ಬಿಯ ಮೇಲೇ ಇರುತ್ತದೆ. ಆ ಅವಧಿ ಮೀರಿದರೆ 320 ನಂಬರ್ ಪೇಪರಿನಲ್ಲಿ ಮಂಕಾಗುವವರೆಗೆ ಉಜ್ಜಿ ಮುಂದುವರಿಯಿರಿ.

ಈಗ ಬಣ್ಣಗಳು

ಸಿಂಥೆಟಿಕ್ ಎನಾಮಲ್ ನಮ್ಮ ಮನೆಯ ಕಿಟಕಿಗೆ ಹಾಕುವುದೇ. ಇದರೊಳಗಿನ ಎಣ್ಣೆ ಗಾಳಿಯಿಂದ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಹಾಗಾಗಿ ನಿಧಾನ. ಮೂರು ನಾಲ್ಕು ಗಂಟೆಯಲ್ಲಿ ಕೈಗೆ ಅಂಟುವುದಿಲ್ಲ, ಮರುದಿನ ಎರಡನೇ ಕೋಟ್ ಹಾಕಬಹುದು, ಆದರೆ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಅಲ್ಲಿಯವರೆಗೆ ಡೀಸೆಲ್ ಚೆಲ್ಲಿದರೆ ಮೆತ್ತಗಾಗುತ್ತದೆ. ಬಿಸಿಲಲ್ಲೇ ನಿಲ್ಲುವ ಗಾಡಿಯಲ್ಲಿ ಕೆಲವೇ ವರ್ಷಕ್ಕೆ ಹೊಳಪು ಮಂಕಾಗಿ ಮೇಲೆ ಪುಡಿ ಬರಲು ಶುರುವಾಗುತ್ತದೆ. ಇವು ಇದರ ದೋಷ. ಗುಣ ಏನು ಅಂದರೆ, ಒಂದು ಬ್ರಷ್, ಸ್ವಲ್ಪ ಟರ್ಪೆಂಟೈನ್ ಇದ್ದರೆ ಯಾರು ಬೇಕಾದರೂ ಮಾಡಬಹುದು. ಗೀರು ಬಿದ್ದರೆ ಉಜ್ಜಿ, ಪ್ರೈಮರ್ ತೊಟ್ಟು ಇಟ್ಟು, ಮೇಲೆ ಹಚ್ಚಿದರೆ ಮುಗಿಯಿತು. ಅಗಲವಾದ ಮೆತ್ತನೆ ಬ್ರಷ್ ತಗೊಂಡು, ಬಣ್ಣವನ್ನು ಸ್ವಲ್ಪ ತೆಳು ಮಾಡಿ, ಒಂದೇ ದಿಕ್ಕಿಗೆ ಎಳೆದು, ಮತ್ತೆ ಮುಟ್ಟದೆ ಬಿಡಿ. ಬ್ರಷ್ಷಿನ ಗೆರೆಗಳು ತಾವಾಗಿ ಕೂರುತ್ತವೆ. ಎರಡಡಿ ದೂರದಿಂದ ನೋಡಿದವರಿಗೆ ಬ್ರಷ್ ಅಂತ ಗೊತ್ತಾಗುವುದಿಲ್ಲ.

ಇದೇ ಎನಾಮಲ್ಲನ್ನು ಕಂಪ್ರೆಸರ್, ಗನ್ ಇಟ್ಟು ಹೊಡೆದರೆ ಮೈ ಇನ್ನೂ ನುಣುಪು. ಬಾಡಿಗೆಗೆ ಸಿಗುತ್ತದೆ, ಅಥವಾ ವೆಲ್ಡಿಂಗ್ ಶಾಪಿನವರು ಪರಿಚಯ ಇದ್ದರೆ ಭಾನುವಾರ ಕೊಡುತ್ತಾರೆ. ಆದರೆ ಮಲೆನಾಡಿನ ಗಾಳಿಯಲ್ಲಿ ತೇವ ಜಾಸ್ತಿ, ಕಂಪ್ರೆಸರಿನ ಟ್ಯಾಂಕಿನ ಅಡಿಯಲ್ಲಿ ನೀರು ಸೇರುತ್ತದೆ. ಅಡಿಯ ವಾಲ್ವ್ ತೆಗೆದು ನೀರು ಬಸಿಯದೆ ಹೊಡೆದರೆ ಬಣ್ಣದಲ್ಲಿ ಹನಿ ಬರುತ್ತದೆ. ಗ್ರೀಸ್ ಉಳಿದಿದ್ದರೆ ಮೀನಿನ ಕಣ್ಣಿನ ಹಾಗೆ ಗುಂಡು ಗುಂಡು ಕುಳಿ ಬೀಳುತ್ತವೆ. ಎರಡೂ ಆದ ಮೇಲೆ ಉಜ್ಜದೆ ಬೇರೆ ದಾರಿ ಇಲ್ಲ.

ಎನ್‌ಸಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಒಣಗುತ್ತದೆ, ಧೂಳು ಕೂರಲು ಸಮಯ ಇರುವುದಿಲ್ಲ, ಆಮೇಲೆ ರಬ್ಬಿಂಗ್ ಕಾಂಪೌಂಡ್ (ಪಾಲಿಶ್ ಪೇಸ್ಟ್) ಹಾಕಿ ಉಜ್ಜಿದರೆ ಹೊಳೆಯುತ್ತದೆ. ಆದರೆ ಪೆಟ್ರೋಲ್, ಥಿನ್ನರ್ ತಾಗಿದರೆ ಕರಗುತ್ತದೆ, ತೇವದ ಗಾಳಿಯಲ್ಲಿ ಬೆಳ್ಳಗಾಗುತ್ತದೆ. ದುಡಿಯುವ ಗಾಡಿಗೆ ನಾನು ಹೇಳುವುದಿಲ್ಲ. ಸ್ಪ್ರೇ ಕ್ಯಾನ್ ಕೂಡ ಹಾಗೇ. ಲಿವರ್, ಗ್ರಿಲ್, ಲೈಟಿನ ಚೌಕಟ್ಟಿಗೆ ಚೆಂದ. ಇಡೀ ಗಾಡಿಗೆ ಹೊರಟರೆ ಕ್ಯಾನ್ ಮೇಲೆ ಕ್ಯಾನ್ ಖಾಲಿಯಾಗಿ ಲೀಟರ್ ಬಣ್ಣಕ್ಕಿಂತ ಬಹಳ ದುಬಾರಿ ಬೀಳುತ್ತದೆ, ಪದರವೂ ತೆಳು. ಸೈಲೆನ್ಸರಿಗೆ ಮಾತ್ರ ಬಿಸಿ ತಡೆಯುವ ಸ್ಪ್ರೇ ಕ್ಯಾನೇ ಬೇಕು, ಮಾಮೂಲಿ ಎನಾಮಲ್ ಅಲ್ಲಿ ಸುಟ್ಟು ಉದುರುತ್ತದೆ. ಇಂಜಿನ್ ಬ್ಲಾಕ್ ಅಷ್ಟು ಕಾಯುವುದಿಲ್ಲ, ಅದಕ್ಕೆ ಎನಾಮಲ್ ಆಗುತ್ತದೆ.

ಪಿಯು ಅಂದರೆ ಬಣ್ಣಕ್ಕೆ ಹಾರ್ಡನರ್ ಬೆರೆಸಿ ಹೊಡೆಯುವ, ಈಗಿನ ಕಾರುಗಳ ಗ್ಯಾರೇಜಿನಲ್ಲಿ ಬಳಸುವ ಬಣ್ಣ. ಹೊಳಪು, ಗಟ್ಟಿತನ, ಡೀಸೆಲ್ ತಡೆ, ಬಿಸಿಲು ತಡೆ, ಎಲ್ಲದರಲ್ಲೂ ಎನಾಮಲ್ಲಿಗಿಂತ ಮೇಲು. ಇದನ್ನು ಒಪ್ಪಿಕೊಂಡೇ ಹೇಳುತ್ತೇನೆ, ಮನೆಯ ಶೆಡ್ಡಿನಲ್ಲಿ ಪಿಯು ಹೊಡೆಯಬೇಡಿ. ಆ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಗನ್ನಿನಿಂದ ಮಂಜಾಗಿ ಬಂದಾಗ ಅದು ಶ್ವಾಸಕೋಶಕ್ಕೆ ಹೋದರೆ ಅಸ್ತಮಾ ಬರಬಹುದು. ಒಮ್ಮೆ ದೇಹಕ್ಕೆ ಒಗ್ಗದಂತಾದರೆ ಆಮೇಲೆ ತುಸು ಉಸಿರಾಡಿದರೂ ಉಬ್ಬಸ ಬರುತ್ತದೆ. ಬಟ್ಟೆ ಮಾಸ್ಕ್, ಧೂಳಿನ ಮಾಸ್ಕ್ ಅದಕ್ಕೆ ಏನೇನೂ ಸಾಲದು. ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ಕೊಡುವ ಮಾಸ್ಕ್ ಬೇಕು. ವಾಸನೆ ಬರಲಿಲ್ಲ ಅಂದಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ. ಪಿಯು ಬೇಕು ಅಂದರೆ ಬಾನೆಟ್, ಮಡ್‌ಗಾರ್ಡ್ ಬಿಚ್ಚಿ, ಪ್ರೈಮರ್‌ವರೆಗೆ ಮನೆಯಲ್ಲೇ ಮಾಡಿ, ಪೇಂಟ್ ಬೂತ್ (ಬಣ್ಣ ಹೊಡೆಯಲೆಂದೇ ಇರುವ ಮುಚ್ಚಿದ ಕೋಣೆ) ಇರುವ ಗ್ಯಾರೇಜಿಗೆ ಒಯ್ಯಿರಿ. ನಿಮ್ಮ ಪ್ರೈಮರ್ ಯಾವುದು ಅಂತ ಪೈಂಟರಿಗೆ ಮೊದಲೇ ಹೇಳಿ. ರೆಡ್ ಆಕ್ಸೈಡ್ ಮೇಲೆ ಪಿಯು ಹಾಕಿದರೆ ಏಳುವ ಸಾಧ್ಯತೆ ಇದೆ, ಎಪಾಕ್ಸಿ ಮೇಲೆ ಚೆನ್ನಾಗಿ ಕೂರುತ್ತದೆ.

ಪೌಡರ್ ಕೋಟಿಂಗ್ ಬಗ್ಗೆ ಎಲ್ಲರಿಗೂ ಆಸೆ. ಪುಡಿ ಬಣ್ಣವನ್ನು ವಿದ್ಯುತ್ ಸೆಳೆತದಲ್ಲಿ ಲೋಹಕ್ಕೆ ಅಂಟಿಸಿ, 180ರಿಂದ 200 ಡಿಗ್ರಿ ಓವನ್‌ನಲ್ಲಿ ಕರಗಿಸಿ ಕೂರಿಸುತ್ತಾರೆ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಮಾಡುವವರು ಬೇಕಾದಷ್ಟು ಜನ. ಪದರ ದಪ್ಪ, ಏಟು ತಡೆಯುತ್ತದೆ. ಆದರೆ ಓವನ್ ಒಳಗೆ ಹೋಗುವ ಭಾಗದಲ್ಲಿ ರಬ್ಬರ್, ಬೇರಿಂಗ್, ಸೀಲ್ ಯಾವುದೂ ಇರಬಾರದು. ನೆಗ್ಗು ತುಂಬುವ ಮಾಮೂಲಿ ಬಾಡಿ ಪುಟ್ಟಿಯೂ ಆ ಬಿಸಿಗೆ ನಿಲ್ಲುವುದಿಲ್ಲ. ಅಂದರೆ ನೆಗ್ಗಿದ ಬಾನೆಟ್ಟಿಗೆ ಆಗುವುದಿಲ್ಲ, ಗೇರ್ ಬಾಕ್ಸಿಗೆ ಮೊದಲೇ ಆಗುವುದಿಲ್ಲ. ಉಳಿಯುವುದು ರಿಮ್, ಸೀಟಿನ ಚೌಕಟ್ಟು, ಬ್ರಾಕೆಟ್. ಅದರಲ್ಲೂ ರಿಮ್ ಆದರೆ ಒಂದು ಮಾತು ನೆನಪಿಡಿ. ನಮ್ಮ ಭಾವ ರಿಮ್ ಮಾಡಿಸಿಕೊಂಡು ಬಂದಾಗ ನಟ್ ಕೂರುವ ಜಾಗದಲ್ಲೂ ದಪ್ಪ ಪುಡಿ ಇತ್ತು. ನಟ್ ಬಿಗಿ ಮಾಡಿದ್ದೆವು. ಎರಡು ದಿನ ಓಡುವಷ್ಟರಲ್ಲಿ ಆ ಪದರ ನುಜ್ಜಾಗಿ, ನಟ್ ಕೈಯಲ್ಲಿ ತಿರುಗುತ್ತಿತ್ತು. ಅಷ್ಟರಲ್ಲೇ ಕಣ್ಣಿಗೆ ಬಿದ್ದದ್ದು ನಮ್ಮ ಪುಣ್ಯ. ನಟ್ ಕೂರುವ ಜಾಗ, ಹಬ್ ತಾಗುವ ಜಾಗ ಎರಡನ್ನೂ ಟೇಪ್ ಹಾಕಿ ಮುಚ್ಚಲು ಹೇಳಿ. ಮತ್ತೆ ಇದರಲ್ಲಿ ಗೀರು ಬಿದ್ದರೆ ಮನೆಯಲ್ಲಿ ಅದೇ ಥರ ಸರಿ ಮಾಡಲು ಬರುವುದಿಲ್ಲ. ಗೀರಿನೊಳಗೆ ನೀರು ಹೋದರೆ ಪದರ ಸಿಪ್ಪೆಯಂತೆ ಏಳುತ್ತದೆ.

ಯಾರಿಗೆ ಯಾವುದು

ದಿನಾ ತೋಟಕ್ಕೆ ಇಳಿಯುವ ಗಾಡಿ, ಕೈಯಲ್ಲಿ ಐದು ಸಾವಿರ ಇದೆ ಅನ್ನುವವರಿಗೆ ನನ್ನ ಉತ್ತರ: ಎಪಾಕ್ಸಿ ಪ್ರೈಮರ್, ಅದರ ಮೇಲೆ ಎರಡು ಕೋಟ್ ಎನಾಮಲ್, ಬ್ರಷ್ಷಿನಲ್ಲೇ. ನಮ್ಮ ಗಾಡಿಗೆ ಕೊನೆಯ ಸಲ ಮಾಡಿದಾಗ ಪೇಪರ್, ಥಿನ್ನರ್ ಎಲ್ಲಾ ಸೇರಿ ಸಾಮಾನಿಗೆ 4,000 ರೂಪಾಯಿಯೊಳಗೆ ಆಯಿತು. ಇನ್ನೂ ಕಡಿಮೆ ಇದ್ದರೆ ಇಡೀ ಗಾಡಿ ಮಾಡಲು ಹೋಗಬೇಡಿ. ಮಡ್‌ಗಾರ್ಡ್‌ನ ಅಡಿ, ಫುಟ್‌ರೆಸ್ಟ್, ಬ್ಯಾಟರಿ ತಟ್ಟೆ, ಈ ಮೂರನ್ನು ಸರಿಯಾಗಿ ಮಾಡಿ. ತೂತು ಬೀಳುವುದು ಅಲ್ಲೇ.

ಗಾಡಿ ದುಡಿಯುತ್ತದೆ, ಜೊತೆಗೆ ನೋಡಲೂ ಚೆನ್ನಾಗಿರಬೇಕು, 10,000ದಷ್ಟು ಹಾಕಬಲ್ಲೆ ಅನ್ನುವವರು ಮಿಶ್ರ ಮಾಡಿ. ಬಾನೆಟ್ ಮಾತ್ರ ಗ್ಯಾರೇಜಿನಲ್ಲಿ ಪಿಯು. ಇಂಜಿನ್, ಚಾಸಿ, ಮಡ್‌ಗಾರ್ಡ್ ಮನೆಯಲ್ಲಿ ಎನಾಮಲ್. ರಿಮ್ ಬೇಕಾದರೆ ಪೌಡರ್. ನನಗೆ ಇದೇ ಹೆಚ್ಚು ಇಷ್ಟ, ಏಕೆಂದರೆ ಕಣ್ಣಿಗೆ ಮೊದಲು ಬೀಳುವುದು ಬಾನೆಟ್, ಏಟು ತಿನ್ನುವುದು ಉಳಿದದ್ದು.

ಅಜ್ಜ ತಂದ ಗಾಡಿ, ಇನ್ನು ಹೊಲಕ್ಕೆ ಇಳಿಸುವುದಿಲ್ಲ, ಹಬ್ಬಕ್ಕೆ ಪೂಜೆ ಮಾಡಿ ಒಂದು ಸುತ್ತು ಓಡಿಸುತ್ತೇವೆ ಅನ್ನುವವರು ಧಾರಾಳವಾಗಿ ಪೂರ್ತಿ ಪಿಯು ಮಾಡಿಸಿ. ನಾನು ಶಿವಮೊಗ್ಗದಲ್ಲಿ ವಿಚಾರಿಸಿದಾಗ ಎಲ್ಲಾ ಸೇರಿ 20,000ದ ಮೇಲೆಯೇ ಹೇಳಿದ್ದರು. ಅಂಥ ಗಾಡಿಯಲ್ಲಿ ಕಂಪನಿಯ ಹಳೆಯ ಸ್ಟಿಕ್ಕರ್ ಕೆರೆಯುವ ಮೊದಲು ಅಳತೆ ಪಟ್ಟಿ ಇಟ್ಟು ಫೋಟೋ ತೆಗೆದುಕೊಳ್ಳಿ. ಅದೇ ಅಳತೆಗೆ ಹೊಸದು ಮಾಡಿಸಬಹುದು.

ಕರಾವಳಿಯವರಿಗೆ, ಉಪ್ಪು ಗಾಳಿ ಇರುವವರಿಗೆ ಪ್ರೈಮರ್ ಎರಡು ಕೋಟ್.

ಯಾರೇ ಆಗಲಿ, ಇಂಜಿನ್ ನಂಬರ್, ಚಾಸಿ ನಂಬರ್ ಕೆತ್ತಿದ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ, ದಪ್ಪ ಬಣ್ಣ ತುಂಬಬೇಡಿ. ನೋಂದಣಿ ಆದ ಗಾಡಿಯ ಬಣ್ಣವನ್ನೇ ಬದಲಿಸುವುದಾದರೆ ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಬೇಕಾಗುತ್ತದೆ. ಅದೇ ಬಣ್ಣ ಹಾಕಿದರೆ ಆ ತಲೆನೋವಿಲ್ಲ.

ಯಾವಾಗ

ನಮ್ಮ ಕಡೆ ನವೆಂಬರ್ ಮಧ್ಯದಿಂದ ಮಾರ್ಚ್‌ವರೆಗೆ. ಅಡಿಕೆ ಕೊಯ್ಲು ಅದೇ ಹೊತ್ತಿಗೆ ಬರುತ್ತದೆ, ಗೊತ್ತು. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿ ತೆಗೆಯಬೇಡಿ. ಚಳಿಗಾಲದಲ್ಲೂ ಬೆಳಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ ಮಧ್ಯಾಹ್ನ ಎರಡಕ್ಕೆ ಬ್ರಷ್ ಕೆಳಗಿಡಿ. ನಾನು ಒಂದು ಸಲ ಸಂಜೆ ಐದಕ್ಕೆ ಕೊನೆಯ ಕೋಟ್ ಹಾಕಿ ಖುಷಿಯಲ್ಲಿ ಮಲಗಿದೆ. ಬೆಳಗ್ಗೆ ಹೋಗಿ ನೋಡಿದರೆ ಕೆಂಪು ಮಡ್‌ಗಾರ್ಡ್ ಮೇಲೆ ಹಾಲು ಒರೆಸಿದ ಹಾಗೆ ಮಂಕು. ರಾತ್ರಿಯ ಇಬ್ಬನಿ ಹಸಿ ಬಣ್ಣದ ಮೇಲೆ ಕೂತಿತ್ತು. ಒಣಗಿದ ಮೇಲೆ 400 ಪೇಪರಿನಲ್ಲಿ ನೀರು ಹಾಕಿ ಉಜ್ಜಿ ಮತ್ತೆ ಹಾಕಿದೆ.

ಮುಗಿದ ಮೇಲೆ ಎರಡು ವಾರ ಡೀಸೆಲ್ ಹಾಕುವಾಗ ಟ್ಯಾಂಕಿನ ಬಾಯಿಯ ಸುತ್ತ ಬಟ್ಟೆ ಸುತ್ತಿ. ಸ್ಟಿಕ್ಕರ್ ಒಂದು ತಿಂಗಳು ಕಳೆದು ಅಂಟಿಸಿ. ಉಳಿದ ಎನಾಮಲ್ಲನ್ನು ಅರ್ಧ ಖಾಲಿ ಡಬ್ಬಿಯಲ್ಲಿ ಬಿಟ್ಟರೆ ಒಳಗಿನ ಗಾಳಿಗೆ ಕೆನೆ ಕಟ್ಟಿ ಹಾಳಾಗುತ್ತದೆ. ಸಣ್ಣ ಗಾಜಿನ ಬಾಟಲಿಗೆ ಕತ್ತಿನವರೆಗೆ ತುಂಬಿ, ಮುಚ್ಚಳ ಬಿಗಿ ಮಾಡಿ, ಮೇಲೆ ಶೇಡ್ ನಂಬರ್ ಮತ್ತು ತಾರೀಖು ಬರೆದು ಗಾಡಿಯ ಟೂಲ್ ಪೆಟ್ಟಿಗೆಯ ಹತ್ತಿರವೇ ಇಡಿ. ಮೊದಲ ಹೆಡೆ ಬಿದ್ದ ದಿನ ಅದು ಬೇಕಾಗುತ್ತದೆ.